ಮನೆಯಲ್ಲಿ ಹಳೇ ಸಿನಿಮಾ ನೋಡುವಾಗ ಯಾವ ದೃಶ್ಯದಲ್ಲಿ ನಿಲ್ಲಿಸಿ ಮಾತಾಡಿದಿರಿ?

ಕಪ್ಪುಬಿಳುಪು

ಹಳೇ ಕನ್ನಡ ಸಿನಿಮಾಗಳನ್ನು ಮನೆಯಲ್ಲಿ ಕೂತು ನೋಡುವವರಿಗೆ ಒಂದು ಪ್ರಶ್ನೆ. ಯಾವ ದೃಶ್ಯ ಬಂದಾಗ ನೀವು ಸಿನಿಮಾ ನಿಲ್ಲಿಸಿ ಮನೆಯವರ ಜೊತೆ ಮಾತಾಡಿದ್ದೀರಿ?

ಮೊನ್ನೆ ನಮ್ಮನೆಯಲ್ಲಿ ‘ನಾಗರಹಾವು’ ಹಾಕಿದ್ದೆವು. ನಾನು, ನನ್ನ ಹೆಂಡತಿ, ಅಮ್ಮ, ಡಿಗ್ರಿ ಓದುವ ಮಗಳು. 1972ರ ಸಿನಿಮಾ. ಅಮ್ಮನಿಗೆ ಎಷ್ಟೋ ಮಾತುಗಳು ಬಾಯಿಪಾಠ. ಮಗಳಿಗೆ ಮಾತ್ರ ಎಲ್ಲ ಹೊಸದು. ಚಾಮಯ್ಯ ಮೇಷ್ಟ್ರು ಬಂದು ಪ್ರೀತಿಸಿದ ಹುಡುಗಿ ಅಲಮೇಲುವನ್ನು ಬಿಟ್ಟುಕೊಡು ಅಂತ ರಾಮಾಚಾರಿಯನ್ನು ಒಪ್ಪಿಸುತ್ತಾರಲ್ಲ, ಅಲ್ಲಿ ಮಗಳು ರಿಮೋಟ್ ಒತ್ತಿದಳು. ‘ಅಜ್ಜಿ, ಮೇಷ್ಟ್ರು ಮಾಡ್ತಿರೋದು ಸರೀನಾ?’ ಅಂತ ಕೇಳಿದಳು.

ಅಮ್ಮ ಮೊದಲು ‘ದೊಡ್ಡವರು ಹೇಳಿದ ಮೇಲೆ ಇನ್ನೇನು’ ಅಂದರು. ಸ್ವಲ್ಪ ಹೊತ್ತಾದ ಮೇಲೆ ತಮ್ಮ ಅಕ್ಕನ ಮದುವೆ ಗೊತ್ತಾದ ದಿನದ ವಿಷಯ ತೆಗೆದರು. ಮನೆಯಲ್ಲಿದ್ದವರೆಲ್ಲ ಅವರನ್ನು ಪ್ರೀತಿಸುವವರೇ. ಆದರೂ ‘ನಿನಗೆ ಒಪ್ಪಿಗೆಯಾ’ ಅಂತ ಒಬ್ಬರೂ ಕೇಳಲಿಲ್ಲವಂತೆ. ದೊಡ್ಡಮ್ಮನನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಈ ಮಾತು ಯಾವತ್ತೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಸಿನಿಮಾ ಅವತ್ತು ಮುಗಿಯಲೇ ಇಲ್ಲ, ಉಳಿದದ್ದನ್ನು ಮಾರನೇ ದಿನ ನೋಡಿದೆವು.

ಥಿಯೇಟರಿನಲ್ಲಿ ಹೀಗೆ ಆಗುವುದಿಲ್ಲ. ಅಲ್ಲಿ ಎಲ್ಲರೂ ಒಂದೇ ಉಸಿರಿನಲ್ಲಿ ನೋಡುತ್ತೇವೆ, ಅಳುತ್ತೇವೆ, ಎದ್ದು ಬರುತ್ತೇವೆ. ಮನೆಯಲ್ಲಿ ನಿಲ್ಲಿಸಬಹುದು. ನಮ್ಮ ಮನೆಯ ವಿಷಯವನ್ನು ನೇರವಾಗಿ ಎತ್ತಲು ಸಂಕೋಚ. ಪರದೆಯ ಮೇಲಿನ ಮನೆಯ ಬಗ್ಗೆ ಮಾತಾಡಲು ಯಾರಿಗೂ ಸಂಕೋಚವಿಲ್ಲ. ನಿಮ್ಮ ಮನೆಗಳಲ್ಲೂ ಹೀಗೆ ಆಗಿದೆಯಾ?

ತುಂಗಾತೀರ

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ನಮ್ಮ ಕಾಲದ ಮೇಷ್ಟ್ರುಗಳಿಗೆ ಚಾಮಯ್ಯ ಅಂದರೆ ಆದರ್ಶ. ಕೆ.ಎಸ್. ಅಶ್ವಥ್ ಅವರ ಆ ದನಿ ಕೇಳಿಯೇ ಎಷ್ಟೋ ಜನ ಈ ಕೆಲಸ ಇಷ್ಟಪಟ್ಟೆವು.

ನಿಮ್ಮ ಮಗಳ ಪ್ರಶ್ನೆ ಸರಿಯಾಗಿದೆ. ಸಿನಿಮಾ ಕೂಡ ಅದನ್ನು ಮುಚ್ಚಿಟ್ಟಿಲ್ಲ. ರಾಮಾಚಾರಿ ಊರಿಗೆಲ್ಲ ಹೆಡೆ ಎತ್ತುತ್ತಾನೆ. ಮೇಷ್ಟ್ರ ಮುಂದೆ ಮಾತ್ರ ತಲೆ ತಗ್ಗಿಸುತ್ತಾನೆ. ಯಾಕೆಂದರೆ ಮನಸಾರೆ ಒಳಗೆ ಕರೆಯುವ ಮನೆ ಅದೊಂದೇ. ಮೇಷ್ಟ್ರಿಗೂ ತುಂಗಮ್ಮನಿಗೂ ಮಕ್ಕಳಿಲ್ಲ. ತುಂಗಮ್ಮನಾದ ಲೀಲಾವತಿ ಅವರು ಆ ಹುಡುಗನನ್ನು ನೋಡುವ ನೋಟದಲ್ಲೇ ಅದು ಗೊತ್ತಾಗುತ್ತದೆ. ಪ್ರೀತಿ ನಿಜವಾದದ್ದು. ಆ ಪ್ರೀತಿಯ ಬಲದಿಂದಲೇ ಮೇಷ್ಟ್ರು ಅವನ ಕೈಯಿಂದ ಒಂದು ದೊಡ್ಡ ವಿಷಯವನ್ನು ಕಿತ್ತುಕೊಳ್ಳುತ್ತಾರೆ. ಮದುವೆಯಾದ ಅಲಮೇಲು ಆಮೇಲೆ ಯಾವ ಸ್ಥಿತಿಯಲ್ಲಿ ಸಿಗುತ್ತಾಳೆ ಅನ್ನುವುದನ್ನು ನಿರ್ದೇಶಕ ಪುಟ್ಟಣ್ಣ ಕಣಗಾಲ್ ತೋರಿಸಿಯೇ ತೋರಿಸುತ್ತಾರೆ. ಮೇಷ್ಟ್ರ ಮಾತಿಗೆ ತೆತ್ತ ಬೆಲೆ ಅದು.

ಕೆಟ್ಟವರು ಮಾಡುವ ಅನ್ಯಾಯ ಎಲ್ಲರಿಗೂ ಕಾಣುತ್ತದೆ. ಒಳ್ಳೆಯವರು ಪ್ರೀತಿಯಿಂದ ಮಾಡುವ ಅನ್ಯಾಯವನ್ನು ಗುರುತಿಸುವುದು ಕಷ್ಟ. ಹಳೇ ವಿದ್ಯಾರ್ಥಿಗಳು ಈಗಲೂ ನನ್ನ ಹತ್ತಿರ ಸಲಹೆ ಕೇಳಲು ಬರುತ್ತಾರೆ. ಮದುವೆ, ಕೆಲಸ, ಊರು ಬಿಡುವ ವಿಚಾರ. ನನ್ನ ಮಾತಿಗೆ ಇರುವ ತೂಕ ನೆನೆದರೆ ಭಯವಾಗುತ್ತದೆ.

ಶರಾವತಿ

ನನ್ನದು ‘ಶರಪಂಜರ’. 1971ರದ್ದು, ತ್ರಿವೇಣಿ ಅವರ ಕಾದಂಬರಿ. ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ಎರಡನೇ ಹೆರಿಗೆ ಆದ ಮೇಲೆ ನನಗೆ ನಿದ್ದೆ ಬರುತ್ತಿರಲಿಲ್ಲ. ಮಗು ಮಲಗಿದ್ದರೂ ನಾನು ಎದ್ದು ಕೂತಿರುತ್ತಿದ್ದೆ. ಸುಮ್ನೆ ಅಳು ಬರುತ್ತಿತ್ತು. ಎಲ್ಲರೂ ‘ಬಾಣಂತಿಗೆ ಹೀಗೆಲ್ಲ ಆಗುತ್ತೆ, ಧೈರ್ಯ ತಂದುಕೋ’ ಅಂದರು. ಕೊನೆಗೆ ನನ್ನ ಗಂಡ ಹಟ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮಾತ್ರೆ ಶುರುವಾಯ್ತು, ಗುಣವಾಯ್ತು. ಮನೆಯಲ್ಲಿ ಮಾತ್ರ ಆಮೇಲೆ ಆ ವಿಷಯವನ್ನು ಯಾರೂ ಎತ್ತಲಿಲ್ಲ. ನನ್ನ ಅತ್ತೆ ಒಳ್ಳೆಯವರು. ಆದರೆ ನಾನು ಸ್ವಲ್ಪ ಜೋರಾಗಿ ಮಾತಾಡಿದರೆ ಸಾಕು, ಅವರ ಕಣ್ಣು ನನ್ನ ಮುಖದ ಮೇಲೆ ನಿಲ್ಲುತ್ತಿತ್ತು. ಮಗುವನ್ನು ಎತ್ತಿಕೊಂಡರೆ ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದರು.

ಹಿಂದಿನ ವರ್ಷ ನಾವಿಬ್ಬರೇ ಮನೆಯಲ್ಲಿದ್ದಾಗ ಅತ್ತೆಯೇ ‘ಕಲ್ಪನಾದು ಹಾಕು’ ಅಂದರು. ಕಲ್ಪನಾ ಮಾಡಿದ ಪಾತ್ರ ಕಾವೇರಿ, ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಕಾಯಿಲೆ ಹೋಗಿದೆ, ಮನೆಯವರ ಅನುಮಾನ ಹೋಗಿಲ್ಲ. ಅವಳು ನಕ್ಕರೂ ತಪ್ಪು, ಕೋಪ ಮಾಡಿಕೊಂಡರೂ ತಪ್ಪು. ಅಕ್ಕಪಕ್ಕದವರು ಹೆದರುತ್ತಾರೆ. ಗಂಡ ಇನ್ನೊಬ್ಬಳ ಕಡೆ ಹೋಗಿರುತ್ತಾನೆ. ಅವಳನ್ನು ಮತ್ತೆ ಆಸ್ಪತ್ರೆಗೆ ಕಳಿಸುವುದು ಕಾಯಿಲೆಗಿಂತ ಜಾಸ್ತಿ ಆ ಮನೆ.

ಅಲ್ಲಿ ನಾನು ನಿಲ್ಲಿಸಿದೆ. ‘ಅತ್ತೆ, ನೀವೂ ನನ್ನನ್ನು ಹೀಗೇ ನೋಡ್ತಿದ್ರಿ’ ಅಂದೆ. ಕೈ ನಡುಗುತ್ತಿತ್ತು. ಅವರು ‘ಹೌದು, ನನಗೆ ಭಯ ಆಗ್ತಿತ್ತು. ನಮ್ಮ ಚಿಕ್ಕಮ್ಮನಿಗೂ ಹೀಗೇ ಆಗಿ, ಅವಳನ್ನು ತವರಿಗೆ ಬಿಟ್ಟು ಬಂದವರು ಮತ್ತೆ ಕರೆತರಲೇ ಇಲ್ಲ’ ಅಂದರು. ಅವರ ನೋಟದ ಹಿಂದೆ ಏನಿತ್ತು ಅಂತ ಆಗ ಗೊತ್ತಾಯ್ತು.

ತ್ರಿವೇಣಿ ಮನಃಶಾಸ್ತ್ರ ಓದಿದವರು. ಅದಕ್ಕೇ ಇಷ್ಟು ಸರಿಯಾಗಿ ಬರೆದರು ಅನಿಸುತ್ತದೆ. ಅವರು 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ, 2009ರಿಂದ. 14416ಕ್ಕೆ ಫೋನ್ ಮಾಡಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಬಾಣಂತಿ ಇದ್ದವರು ಈ ನಂಬರ್ ಬರೆದಿಟ್ಟುಕೊಳ್ಳಿ.

ಕಪ್ಪುಬಿಳುಪು

ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಆ ಸಿನಿಮಾ ನೋಡಿದಾಗಲೆಲ್ಲ ನಾನು ಕಲ್ಪನಾ ನಟನೆಯನ್ನೇ ನೋಡುತ್ತಿದ್ದೆ. ಸುತ್ತ ನಿಂತವರ ಮುಖ ನೋಡಿರಲಿಲ್ಲ. ಈ ಸಲ ಅವರನ್ನೇ ನೋಡುತ್ತೇನೆ.

ಮಾಳಮಡ್ಡಿ

ನನ್ನದೊಂದು ತಕರಾರು ಇದೆ. ಧಾರವಾಡದಲ್ಲಿ ನಮ್ಮ ಮನೆಯಲ್ಲೂ ಎಲ್ಲರೂ ಸೇರಿ ನೋಡುತ್ತೇವೆ. ಆದರೆ ಪುಟ್ಟಣ್ಣನವರ ಸಿನಿಮಾಗಳನ್ನು ಮಗಳ ಜೊತೆ ನೋಡಲು ನನಗೆ ಮನಸ್ಸಾಗುವುದಿಲ್ಲ. ‘ಗೆಜ್ಜೆಪೂಜೆ’ ನೋಡಿ. ಎಂ.ಕೆ. ಇಂದಿರಾ ಅವರ ಕಥೆ, ಒಳ್ಳೆಯ ಹಾಡುಗಳು, ಎಲ್ಲ ಸರಿ. ಕೊನೆಗೆ ನಾಯಕಿ ಚಂದ್ರಾ ಸಾಯಲೇಬೇಕು. ‘ಶರಪಂಜರ’ದಲ್ಲಿ ಆಸ್ಪತ್ರೆ. ‘ನಾಗರಹಾವು’ನಲ್ಲೂ ಕೊನೆಗೆ ಸಾವೇ. ಹೆಣ್ಣಿನ ಮೇಲೆ ಆದ ಅನ್ಯಾಯ ತೋರಿಸುತ್ತಾರೆ ನಿಜ, ಅವಳಿಗೆ ಬದುಕುವ ದಾರಿ ತೋರಿಸುವುದಿಲ್ಲ. ಹದಿನೇಳು ವರ್ಷದ ಹುಡುಗಿ ಇದನ್ನು ನೋಡಿ ಏನು ತಿಳಿದುಕೊಳ್ಳಬೇಕು? ಒಳ್ಳೆಯವಳಾದರೆ ಸಾಯಬೇಕು ಅಂತಲಾ?

ಅಳಿಸುವುದು ಸುಲಭ. ಅತ್ತು ಮುಗಿಸಿದವರು ಎದ್ದು ಹೋಗಿ ಅದೇ ಮನೆಯಲ್ಲಿ ಅದೇ ಥರ ಬದುಕುತ್ತಾರೆ. ನಮ್ಮ ಅಜ್ಜಿ, ಅತ್ತೆ ಎಲ್ಲ ‘ಗೆಜ್ಜೆಪೂಜೆ’ಗೆ ಅತ್ತವರೇ. ಮನೆಯ ಹೆಣ್ಣುಮಕ್ಕಳ ಮೇಲೆ ಕಟ್ಟುನಿಟ್ಟು ಹಾಕಿದವರೂ ಅವರೇ.

ಶರಾವತಿ

ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಕೊನೆಯ ದೃಶ್ಯದವರೆಗೂ ಒಂದೇ ಉಸಿರಿನಲ್ಲಿ ನೋಡಿದರೆ ಅಳು ಮಾತ್ರ ಉಳಿಯುತ್ತದೆ. ಮಧ್ಯೆ ನಿಲ್ಲಿಸಿದ್ದಕ್ಕೇ ನನಗೆ ಅತ್ತೆಯ ಹತ್ತಿರ ಮಾತಾಡಲು ಆಯ್ತು.

ಮಗಳ ಜೊತೆ ನೋಡಲು ‘ಫಣಿಯಮ್ಮ’ ಹಾಕಿ. ಅದೂ ಎಂ.ಕೆ. ಇಂದಿರಾ ಅವರದ್ದೇ ಕಥೆ. ಪ್ರೇಮಾ ಕಾರಂತ 1983ರಲ್ಲಿ ಮಾಡಿದ್ದು. ಬಾಲ್ಯದಲ್ಲೇ ವಿಧವೆಯಾದವಳು. ಬೇರೆ ಯಾರೂ ಹೋಗದ ಮನೆಗೆ ಹೋಗಿ ಹೆರಿಗೆ ಮಾಡಿಸುತ್ತಾಳೆ. ಇನ್ನೊಬ್ಬ ಚಿಕ್ಕ ವಯಸ್ಸಿನ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಅವಳ ಪರ ನಿಲ್ಲುತ್ತಾಳೆ. ಫಣಿಯಮ್ಮನಾದ ಎಲ್. ವಿ. ಶಾರದಾ ಅವರು ಎಲ್ಲೂ ದನಿ ಏರಿಸುವುದಿಲ್ಲ. ನಮ್ಮನೆಯಲ್ಲಿ ಅದನ್ನು ನೋಡಿ ಯಾರೂ ಅಳಲಿಲ್ಲ. ಎಲ್ಲರೂ ತಮ್ಮ ಮನೆಯ ಮುದುಕಿಯರ ಕಥೆ ಹೇಳಿದರು.

ರೀಲುಡಬ್ಬಿ

ಮಧ್ಯೆ ಒಂದು ಕೆಲಸದ ಮಾತು. ದಯವಿಟ್ಟು ಟಿವಿಯ ಸೆಟ್ಟಿಂಗ್ ಸರಿ ಮಾಡಿಕೊಂಡು ನೋಡಿ. ಐವತ್ತು ಅರವತ್ತರ ದಶಕದ ನಮ್ಮ ಸಿನಿಮಾಗಳ ಚೌಕಟ್ಟು ಹೆಚ್ಚುಕಮ್ಮಿ 4:3ರ ಅಳತೆಯದ್ದು. ಈಗಿನ ಟಿವಿ 16:9. ಪೂರ್ತಿ ತುಂಬಿಸಲು ಹೋದರೆ ಟಿವಿ ಚಿತ್ರವನ್ನು ಅಡ್ಡಡ್ಡ ಎಳೆಯುತ್ತದೆ. ಎಲ್ಲರೂ ಗಿಡ್ಡ, ದಪ್ಪ ಕಾಣುತ್ತಾರೆ. ಅಥವಾ ಮೇಲೆ ಕೆಳಗೆ ಕತ್ತರಿಸುತ್ತದೆ, ನರ್ತಕಿಯ ಪಾದ, ನಟನ ಹಣೆ ಮಾಯ. ಪಿಕ್ಚರ್ ಸೈಜ್‌ನಲ್ಲಿ ‘4:3’ ಅಥವಾ ‘ಒರಿಜಿನಲ್’ ಆರಿಸಿ. ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಅಗಲ ಪರದೆ ಕನ್ನಡಕ್ಕೆ ಬಂದದ್ದೇ 1977ರಲ್ಲಿ, ‘ಸೊಸೆ ತಂದ ಸೌಭಾಗ್ಯ’ದ ಸಿನಿಮಾಸ್ಕೋಪ್‌ನಿಂದ.

ಇನ್ನೊಂದು, ‘ಮೋಷನ್ ಸ್ಮೂತಿಂಗ್’ ಅಂತ ಒಂದು ಇರುತ್ತದೆ, ಕಂಪನಿಗೊಂದು ಹೆಸರು. ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಸೆಕೆಂಡಿಗೆ 24 ಫ್ರೇಮಿನ ಸಿನಿಮಾ ಧಾರಾವಾಹಿ ಥರ ಜಾರುತ್ತದೆ. ವಯಸ್ಸಾದವರಿಗೆ ಮಾತು ಕೇಳಿಸದಿದ್ದರೆ ಶಬ್ದ ಜಾಸ್ತಿ ಮಾಡುವ ಮೊದಲು ಸೌಂಡ್ ಮೋಡ್‌ನಲ್ಲಿ ‘ವಾಯ್ಸ್’ ಅಂತ ಇದೆಯಾ ನೋಡಿ.

ಬಣ್ಣ ಹಾಕಿದ್ದಕ್ಕಿಂತ ಮೂಲವನ್ನೇ ನೋಡಿ ಅಂತ ನನ್ನ ಆಸೆ. ‘ಕಸ್ತೂರಿ ನಿವಾಸ’ 1971ರಲ್ಲಿ ಕಪ್ಪು ಬಿಳುಪಿನಲ್ಲಿ ಬಂತು, 2014ರಲ್ಲಿ ಬಣ್ಣ ಹಾಕಿ ಬಿಡುಗಡೆ ಮಾಡಿದರು. ಹೊಸ ಜನ ಥಿಯೇಟರಿಗೆ ಬಂದರು, ಅದು ಸಂತೋಷವೇ. ಆದರೆ ಕೊಟ್ಟು ಕೊಟ್ಟು ಬರಿದಾದ ಆ ಮನೆಯ ಕತ್ತಲೆಯನ್ನು ಛಾಯಾಗ್ರಾಹಕರು ಕಪ್ಪು ಬಿಳುಪಿಗೆಂದೇ ಕಟ್ಟಿದ್ದರು. ನಮ್ಮ ಮೊದಲ ಮಾತಿನ ಸಿನಿಮಾ ‘ಸತಿ ಸುಲೋಚನಾ’ದ ಪ್ರಿಂಟ್ ಇವತ್ತು ಎಲ್ಲೂ ಸಿಗುವುದಿಲ್ಲ. ಉಳಿದದ್ದನ್ನಾದರೂ ಇದ್ದ ಹಾಗೆ ನೋಡೋಣ. ‘ಘಟಶ್ರಾದ್ಧ’ವನ್ನು ದುರಸ್ತಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ ಸುದ್ದಿ ಓದಿದ ದಿನ ನನಗೆ ಹಬ್ಬ.

ಟೊರೊಂಟೊ ಚಳಿ

ನಾವು ‘ಸ್ಕೂಲ್ ಮಾಸ್ಟರ್’ ನೋಡಿದೆವು. ಅಪ್ಪ ಅಮ್ಮ ಊರಲ್ಲಿ, ನಾನು ಇಲ್ಲಿ. ಅವರ ಸಂಜೆ, ನನ್ನ ಬೆಳಗ್ಗೆ. ಎರಡೂ ಕಡೆ ಒಟ್ಟಿಗೇ ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಾ ನೋಡುವುದು.

1958ರದ್ದು. ಬಿ.ಆರ್. ಪಂತುಲು ಅವರೇ ನಿರ್ದೇಶಕರು, ಅವರೇ ಮೇಷ್ಟ್ರು. ಹೆಂಡತಿಯಾಗಿ ಎಂ.ವಿ. ರಾಜಮ್ಮ. ‘ಸ್ವಾಮಿ ದೇವನೆ’ ಪ್ರಾರ್ಥನೆ ಬಂದಾಗ ಅಪ್ಪ ಅಲ್ಲಿಂದಲೇ ಹಾಡಿದರು, ಅವರ ಸ್ಕೂಲಿನಲ್ಲಿ ದಿನಾ ಹೇಳಿಸುತ್ತಿದ್ದರಂತೆ. ಸೋಸಲೆ ಅಯ್ಯಾ ಶಾಸ್ತ್ರಿಗಳು ಬರೆದದ್ದು ಅಂತಲೂ ಅವರೇ ಹೇಳಿದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಆಮೇಲೆ ಮಕ್ಕಳು ದೊಡ್ಡವರಾಗುತ್ತಾರೆ. ವಯಸ್ಸಾದ ಗಂಡ ಹೆಂಡತಿ ಬೇರೆ ಬೇರೆ ಮಕ್ಕಳ ಮನೆಯಲ್ಲಿ ಇರಬೇಕಾಗಿ ಬರುತ್ತದೆ. ಫೋನಿನ ಆ ಕಡೆ ಮಾತು ನಿಂತುಹೋಯ್ತು. ನಾನೂ ನನ್ನ ಅಣ್ಣನೂ ಹಿಂದಿನ ತಿಂಗಳು ಇದನ್ನೇ ಮಾತಾಡಿಕೊಂಡಿದ್ದೆವು. ಅಮ್ಮ ಆರು ತಿಂಗಳು ನನ್ನ ಹತ್ತಿರ ಬಂದು ಮಗು ನೋಡಿಕೊಳ್ಳಲಿ, ಅಪ್ಪ ಅಣ್ಣನ ಜೊತೆ ಬೆಂಗಳೂರಲ್ಲಿ ಇರಲಿ ಅಂತ. ಟಿಕೆಟ್ ಲೆಕ್ಕ, ವೀಸಾ ಲೆಕ್ಕ, ಅಪ್ಪನ ಸಕ್ಕರೆ ಕಾಯಿಲೆ, ಎಲ್ಲ ನೋಡಿ ಮಾಡಿದ ಲೆಕ್ಕ. ನಮಗೆ ಅದು ಅನುಕೂಲ ಅನಿಸಿತ್ತು. ಅವರಿಬ್ಬರೂ ನಮಗೆ ‘ಆಗಲಿ’ ಅಂದಿದ್ದರು.

ಅಪ್ಪ ಫೋನಿನಲ್ಲಿ ನಿಧಾನವಾಗಿ ‘ನಾವಿಬ್ಬರೂ ಒಟ್ಟಿಗೆ ಇರೋಣ ಅಂತ ಇದ್ದೀವಿ ಕಣೋ’ ಅಂದರು. ಅಷ್ಟೇ. ಅಣ್ಣನಿಗೆ ಅವತ್ತೇ ಫೋನ್ ಮಾಡಿದೆ. ಈಗ ಇಬ್ಬರೂ ಬೇಸಿಗೆಯಲ್ಲಿ ಇಲ್ಲಿಗೆ ಬರುತ್ತಾರೆ, ಚಳಿಗೆ ಮೊದಲು ಇಬ್ಬರೂ ವಾಪಸ್. ಉಳಿದ ತಿಂಗಳು ಮಗುವಿಗೆ ಡೇ ಕೇರ್. ಖರ್ಚಾಗುತ್ತದೆ, ಆಗಲಿ.

ಲೆಕ್ಕಪತ್ರ

ಟೊರೊಂಟೊದವರ ಮಾತು ಓದಿ ನಾನೂ ಹೇಳಬೇಕು ಅನಿಸಿತು. ನನ್ನದು ‘ತಬರನ ಕಥೆ’. ತೇಜಸ್ವಿ ಅವರ ಕಥೆ, ಗಿರೀಶ್ ಕಾಸರವಳ್ಳಿ ನಿರ್ದೇಶನ, 1986. ತಬರನಾಗಿ ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಜೀವನವಿಡೀ ಸರ್ಕಾರದ ಸೇವೆ ಮಾಡಿದವನು ಹೆಂಡತಿಯ ಕಾಲಿನ ಗಾಯಕ್ಕೆ ದುಡ್ಡಿಲ್ಲದೆ ಪಿಂಚಣಿಗಾಗಿ ಅಲೆಯುತ್ತಾನೆ. ಅಲ್ಲಿ ಕೆಟ್ಟವರು ಯಾರೂ ಇಲ್ಲ ಅನ್ನುವುದೇ ನನ್ನನ್ನು ಕಾಡಿದ್ದು. ಒಬ್ಬೊಬ್ಬರದ್ದೂ ಒಂದೊಂದು ನಿಯಮ.

ಅಪ್ಪ ಹೋದ ಮೇಲೆ ಅಮ್ಮನ ಕುಟುಂಬ ಪಿಂಚಣಿಗೆ ನಾನೂ ಒಂದು ಕಚೇರಿಗೆ ಅಲೆದವಳು. ಹೆಸರಿನ ಒಂದು ಅಕ್ಷರ ಎರಡು ಕಾಗದದಲ್ಲಿ ಬೇರೆ ಬೇರೆ ಇತ್ತು. ಬೇಗ ಮುಗಿಯಲಿಲ್ಲ. ನಾನೂ ಇನ್ನೊಂದು ಇಲಾಖೆಯಲ್ಲಿ ಗುಮಾಸ್ತಳು. ಸಿನಿಮಾದಲ್ಲಿ ಮೇಜಿನ ಆ ಕಡೆ ಕೂತವರನ್ನು ನೋಡುವಾಗ ನನಗೆ ನನ್ನ ಮೇಜು ಕಂಡಿತು. ಈಗ 2012ರಿಂದ ಸಕಾಲ ಇದೆ, ಇಷ್ಟು ದಿನದೊಳಗೆ ಕೆಲಸ ಆಗಬೇಕು ಅಂತ ಕಾಯಿದೆ ಇದೆ. ನವೆಂಬರಿನ ಜೀವಿತ ಪ್ರಮಾಣ ಪತ್ರವನ್ನು ಮೊಬೈಲಿನಲ್ಲೇ ಕೊಡಬಹುದು. ಆದರೂ ಬಾಗಿಲಲ್ಲಿ ಒಬ್ಬ ಮುದುಕ ಚೀಲ ಹಿಡಿದು ನಿಂತಿರುತ್ತಾನೆ, ಯಾರನ್ನು ಕೇಳಬೇಕು ಗೊತ್ತಿರುವುದಿಲ್ಲ. ನಾನೀಗ ಎದ್ದು ಹೋಗಿ ಕೇಳುತ್ತೇನೆ. ನನ್ನ ಸೆಕ್ಷನ್ ಆಗದಿದ್ದರೂ ಜೊತೆಗೆ ಹೋಗಿ ತೋರಿಸಿ ಬರುತ್ತೇನೆ.

ಮಾಳಮಡ್ಡಿ

ಇದನ್ನೆಲ್ಲ ಓದಿ ‘ಉಯ್ಯಾಲೆ’ ಹಾಕಿದೆ. 1969, ಎನ್. ಲಕ್ಷ್ಮೀನಾರಾಯಣ್, ಚದುರಂಗರ ಕಾದಂಬರಿ. ಪುಸ್ತಕದಲ್ಲಿ ಮುಳುಗಿದ ಪ್ರೊಫೆಸರ್ ಗಂಡ, ಮಾತಿಗೆ ಹಸಿದ ಹೆಂಡತಿ. ಅಶ್ವಥ್, ಕಲ್ಪನಾ, ರಾಜ್‌ಕುಮಾರ್. ಇಲ್ಲಿ ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಗಂಡ ಬಯ್ಯುವುದಿಲ್ಲ, ಹೊಡೆಯುವುದಿಲ್ಲ. ನೋಡುವುದೇ ಇಲ್ಲ. ನನ್ನ ಹೆಂಡತಿ ನಿಲ್ಲಿಸಲಿಲ್ಲ. ನನ್ನ ಕೈಯಲ್ಲಿದ್ದ ಫೋನನ್ನು ತೆಗೆದು ಟೇಬಲ್ ಮೇಲಿಟ್ಟಳು. ಈ ಸಿನಿಮಾವನ್ನು ಮಗಳ ಜೊತೆಗೂ ನೋಡುತ್ತೇನೆ, ಮದುವೆಯ ಮಾತು ಬರುವ ಮೊದಲು.

ತೆಂಗಿನತೋಟ

ತುಮಕೂರು ಕಡೆಯವನು. ‘ಬಂಗಾರದ ಮನುಷ್ಯ’ದ ಬಗ್ಗೆ ಯಾರೂ ಹೇಳಲಿಲ್ಲ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಒಂದು ವರ್ಷಕ್ಕೂ ಮೀರಿ ಓಡಿದ ಸಿನಿಮಾ. ಅದನ್ನು ನೋಡಿ ಊರಿಗೆ ವಾಪಸ್ ಬಂದವರ ಕಥೆ ಎಲ್ಲರಿಗೂ ಗೊತ್ತು. ಆಗ ಬಾವಿ ತೋಡಿದರೆ ನೀರು. ಈಗ ಸಾವಿರ ಅಡಿ ಕೊರೆಸಿದರೂ ಧೂಳು ಬರುವ ಊರುಗಳಿವೆ. ಹಟ ಒಂದೇ ಸಾಕು ಅಂತ ನಾನು ಮಗನಿಗೆ ಹೇಳಲಾರೆ.

ನಾನು ನಿಲ್ಲಿಸಿದ್ದು ಕೊನೆಗೆ. ಅಕ್ಕನ ಮಗನೇ ಅನುಮಾನಪಟ್ಟು ಮಾತಾಡಿದಾಗ ನಾಯಕ ರಾಜೀವ ಎಲ್ಲ ಬಿಟ್ಟು ಹೊರಟುಬಿಡುತ್ತಾನೆ. ಇಡೀ ಥಿಯೇಟರ್ ಅತ್ತಿತ್ತು, ನಾನೂ ಅತ್ತಿದ್ದೆ. ಈ ಸಲ ನನ್ನ ಮಗ ‘ಅಕ್ಕನ ಹತ್ರ ಒಂದು ಮಾತು ಆಡದೆ ಹೋಗಿಬಿಟ್ರಲ್ಲ, ಅವರಿಗೆ ಹೇಗಾಗಿರಬೇಡ’ ಅಂದ. ನಾವು ಮೂವರು ಅಣ್ಣತಮ್ಮಂದಿರು. ಜಮೀನು ಇನ್ನೂ ಒಟ್ಟಿಗಿದೆ, ದುಡಿಯುವವನು ನಾನೊಬ್ಬ. ಹಬ್ಬಕ್ಕೆ ಬಂದ ತಮ್ಮಂದಿರ ಮಾತಿನಲ್ಲಿ ಏನೋ ಇದೆ ಅನಿಸುತ್ತದೆ. ಬಾಯಿ ಬಿಟ್ಟು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ರಾಜೀವನ ಥರ ಸುಮ್ಮನಿರುವುದೇ ದೊಡ್ಡತನ ಅಂತ ಇಷ್ಟು ವರ್ಷ ನಂಬಿದ್ದೆ. ನೀವೆಲ್ಲ ಏನಂತೀರಿ?

ತುಂಗಾತೀರ

ರಾಜೀವನ ಪರ ಒಂದು ಮಾತು ಹೇಳುತ್ತೇನೆ. ಅವನು ಹೆಂಡತಿಯನ್ನು ಕಳೆದುಕೊಂಡವನು. ಆ ಊರಿನಲ್ಲಿ ಅವನನ್ನು ಹಿಡಿದಿಟ್ಟಿದ್ದು ಅಕ್ಕನ ಸಂಸಾರದ ನಂಬಿಕೆ ಒಂದೇ. ಅದು ಹೋದ ಮೇಲೆ ಲೆಕ್ಕ ಒಪ್ಪಿಸುತ್ತಾ ನಿಲ್ಲುವುದು ಅವನಿಂದ ಆಗದ ಕೆಲಸ. ಹಾಗಾಗಿ ಅವನು ಹೋದದ್ದು ನನಗೆ ಇವತ್ತಿಗೂ ಸರಿ ಅನಿಸುತ್ತದೆ. ನಿಮ್ಮ ಮಗ ಒಪ್ಪದಿದ್ದರೆ ಅವನ ಜೊತೆ ವಾದ ಮಾಡಲು ನಾನು ಸಿದ್ಧ.

ಆದರೆ ನಿಮ್ಮ ತಮ್ಮಂದಿರು ಇನ್ನೂ ಏನೂ ಅಂದಿಲ್ಲ. ಅವರು ಅನ್ನುವ ಮೊದಲೇ ನೀವು ಕರೆದು ಕೂರಿಸಿ. ಪಹಣಿ, ಕಾಯಿ ಮಾರಿದ ಚೀಟಿ, ಬೋರ್‌ವೆಲ್‌ಗೆ ಸುರಿದ ದುಡ್ಡು, ಕೂಲಿ, ಎಲ್ಲ ಒಂದು ಪುಸ್ತಕದಲ್ಲಿ ಬರೆದು ಮುಂದಿಡಿ. ನಿಮ್ಮ ದುಡಿಮೆಗೂ ಒಂದು ಕೂಲಿ ಬರೆಯಿರಿ, ಅದಕ್ಕೆ ನಾಚಿಕೆ ಬೇಡ. ಮಾತು ಶುರು ಮಾಡಲು ಕಷ್ಟವಾದರೆ ಮೂವರೂ ಸೇರಿ ಆ ಸಿನಿಮಾ ಹಾಕಿ. ಅನುಮಾನದ ಆ ದೃಶ್ಯದಲ್ಲಿ ನೀವೇ ನಿಲ್ಲಿಸಿ.

ತೆಂಗಿನತೋಟ

ಗೌರಿ ಹಬ್ಬಕ್ಕೆ ಇಬ್ಬರೂ ಬರುತ್ತಾರೆ. ಪುಸ್ತಕ ಬರೆಯಲು ಮಗನಿಗೆ ಹೇಳಿದ್ದೇನೆ, ಕಾಯಿ ಚೀಟಿಗಳನ್ನೆಲ್ಲ ಹುಡುಕುತ್ತಿದ್ದಾನೆ. ಟಿವಿ 4:3ಕ್ಕೆ ಹಾಕಿದೆ ರೀಲುಡಬ್ಬಿಯವರೇ, ಮುಖಗಳು ಸರಿಯಾದವು.